ಅಡತೀಸ್ ಅಮರಪ್ಪ

ರಿವಾಲ್ವರಿನ ಬಾಯಿಗೆ ಕಿರುಬೆರಳಿಟ್ಟು ಅದರ ಕುಲಗೋತ್ರ ಹೇಳುವ ಮನುಷ್ಯರನ್ನು ನನ್ನ ಜೀವಮಾನದಲ್ಲಿ ನಾನು ನೋಡಿದ್ದು ಒಬ್ಬರನ್ನೇ. ಕಣ್ಣು ಮುಚ್ಚಿ ಬೆರಳ ತುದಿಯನ್ನು ನಳಿಗೆಯ ಬಾಯಿಗೆ ಹಚ್ಚುತ್ತಿದ್ದರು. ಉಗುರು ಒಳಗೆ ಇಳಿದರೆ ಮುಖ ಕಿವುಚಿ "ಇದು ಕ್ವಾಣ" ಎನ್ನುತ್ತಿದ್ದರು. ಉಗುರು ಹೊರಗೇ ನಿಂತರೆ ಮೀಸೆಯ ಕೆಳಗೊಂದು ನಗು ಮೂಡುತ್ತಿತ್ತು. "ಇದು ನಮ್ಮಾಕಿ."

ಕ್ವಾಣ ಎಂದರೆ ಕೋಣ, ನಾಲ್ಕುನೂರ ಐವತ್ತೈದು ಬೋರಿನ ದೊಡ್ಡ ರಿವಾಲ್ವರು. ನಮ್ಮಾಕಿ ಎಂದರೆ ನಮ್ಮವಳು, ಮೂವತ್ತೆಂಟು ಬೋರಿನ ಸಣ್ಣದು. ಬೋರು ಎಂದರೆ ನಳಿಗೆಯ ಅಗಲ, ಅಂದರೆ ಅದರಲ್ಲಿ ಹೋಗುವ ಗುಂಡಿನ ದಪ್ಪ. ಮೊದಲನೆಯದು ಇಂಚಿನ ಸಾವಿರದ ಲೆಕ್ಕ, ಎರಡನೆಯದು ನೂರರ ಲೆಕ್ಕ; ಬರಿಯ ಅಂಕಿ ಕೇಳಿದರೆ ಆನೆ ಮತ್ತು ಇಲಿಯಷ್ಟು ಅಂತರ ಅನಿಸುತ್ತದೆ. ಪಕ್ಕದಲ್ಲಿಟ್ಟು ನೋಡಿದರೆ ಎರಡು ಗುಂಡಿನ ನಡುವೆ ಅರ್ಧ ಜೋಳದ ಕಾಳಿನಷ್ಟು ವ್ಯತ್ಯಾಸ. ಆ ಅರ್ಧ ಕಾಳಿಗಾಗಿ ನಮ್ಮ ಪೊಲೀಸರು ವರ್ಷಗಟ್ಟಲೆ ಜಗಳಾಡಿದರು. ಠಾಣೆಯಲ್ಲಿ ಉರ್ದು ನಡೆಯುತ್ತಿದ್ದ ಕಾಲ. ಮೂವತ್ತೆಂಟಕ್ಕೆ ಎಲ್ಲರೂ ಅಡತೀಸ್ ಎನ್ನುತ್ತಿದ್ದರು. ಅಡತೀಸಿನ ಪರವಾಗಿ ವಾದ ಮಾಡಿ ಮಾಡಿ ಅಮರಪ್ಪನವರಿಗೆ ಅದೇ ಅಡ್ಡಹೆಸರಾಯಿತು.

ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮನ ಆಡಳಿತ ಹೋದ ಮರುವರ್ಷ ನಾನು ಸಿಂಧನೂರಿಗೆ ಸಬ್ ಇನ್‌ಸ್ಪೆಕ್ಟರಾಗಿ ಬಂದೆ. ಜನ 'ಅಮೀನ್ ಸಾಹೇಬ' ಎನ್ನುತ್ತಿದ್ದರು. ಇಪ್ಪತ್ತನಾಲ್ಕು ವಯಸ್ಸು, ತೆಳ್ಳನೆಯ ಮಣಿಕಟ್ಟು, ರಾಯಚೂರು ಪೇಟೆಯಲ್ಲಿ ಬೆಳೆದ ದೇಹ. ಎತ್ತಿಗೂ ಹೋರಿಗೂ ವ್ಯತ್ಯಾಸ ತಿಳಿಯದವನು ಹಳ್ಳಿಗಳ ಮೇಲೆ ಅಧಿಕಾರ ನಡೆಸಲು ಹೊರಟಿದ್ದೆ. ನಮ್ಮ ಆಯುಧಗಳ ಕೊಠಡಿ ಲಿಂಗಸುಗೂರಿನ ಛಾವಣಿಯಲ್ಲಿತ್ತು. ಹಿಂದೆ ದಂಡು ಇಳಿಯುತ್ತಿದ್ದ ಹಳೆಯ ಕಲ್ಲಿನ ಕಟ್ಟಡ ಅದು. ಅಲ್ಲಿ ಆಯುಧ ರಿಪೇರಿಯ ಹೆಡ್ ಕಾನ್‌ಸ್ಟೇಬಲ್ ಅಮರಪ್ಪನವರು. ಊರು ಮಸ್ಕಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅದೇ ಮೂರು ಬೆರಳಿಗೆ ಬಂದೂಕಿನ ಎಣ್ಣೆಯ ವಾಸನೆ.

ಎಣ್ಣೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಒಮ್ಮೆ ನಮ್ಮ ಠಾಣೆಯವರು ಸರ್ಕಾರಿ ಎಣ್ಣೆ ಮುಗಿದಿದೆಯೆಂದು ರಿವಾಲ್ವರಿಗೆ ಅಡುಗೆಮನೆಯ ಕುಸುಬಿ ಎಣ್ಣೆ ಹಚ್ಚಿದರು. ಬೇಸಿಗೆಯ ಬಿಸಿಲಿಗೆ ಅದು ಅಂಟಾಗಿ, ಗುಂಡು ತುಂಬುವ ತಿರುಗಣಿ ತಿರುಗದೆ ನಿಂತುಬಿಟ್ಟಿತು. ಅಮರಪ್ಪನವರು ಬಸ್ಸು ಹತ್ತಿ ಬಂದು, ಮೂಗಿಗೆ ಹಿಡಿದು ನೋಡಿ, ಪೇದೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಎಣ್ಣಿ ಹಚ್ಚೀರಿ, ಖಾರಪುಡಿ ಯಾಕ ಬಿಟ್ರಿ? ಉಳ್ಳಾಗಡ್ಡಿ ಹೆಚ್ಚಿ ಹಾಕಿದ್ರ ರೊಟ್ಟಿ ಜೋಡಿ ಛಲೋ ಆಕಿತ್ತು" ಎಂದರು. ಅವರು ನಗಲಿಲ್ಲ. ನಗುವ ಧೈರ್ಯ ನಮಗೂ ಬರಲಿಲ್ಲ.

ನನಗೆ ಮೊದಲು ಕೊಟ್ಟದ್ದು ಕ್ವಾಣವನ್ನೇ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಸೈಕಲ್ ತುಳಿದರೆ ಅದರ ಭಾರಕ್ಕೆ ಚಲ್ಲಣ ಒಂದು ಕಡೆ ಜಗ್ಗುತ್ತಿತ್ತು. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಕೈ ಮರ್ಯಾದೆಗೆ. ಗುರಿ ಹೊಡೆಯುವ ಪರೀಕ್ಷೆಯಲ್ಲಿ ಅದು ಒದ್ದ ಒದೆತಕ್ಕೆ ನನ್ನ ಮಣಿಕಟ್ಟು ತಿರುಚಿ ಹನ್ನೆರಡಕ್ಕೆ ಒಂದು ಗುಂಡೂ ಹಲಗೆಗೆ ತಾಗಲಿಲ್ಲ. ಒಂದು ಮಾತ್ರ ಹಲಗೆಯ ಹಿಂದಿನ ಬೇವಿನ ಮರಕ್ಕೆ ಬಿದ್ದಿತು. ಅದೂ ಹಾರಿಬಂದ ಪುಣ್ಯ. ಇನ್ನೊಮ್ಮೆ ಹೀಗಾದರೆ ನೌಕರಿ ಕಾಯಂ ಆಗುವುದಿಲ್ಲ ಎಂದು ಮೇಲಿನವರು ಬರೆದು ಕಳಿಸಿದರು.

ಅಂದು ಛಾವಣಿಯ ಕಟ್ಟೆಯ ಮೇಲೆ ಮುಖ ಇಳಿಬಿಟ್ಟು ಕುಳಿತಿದ್ದವನ ಬಳಿ ಅಮರಪ್ಪನವರು ಬಂದರು. ಜೊತೆಗೆ ಜಮಾದಾರ ಖಾಸಿಂಸಾಬರು. ಖಾಸಿಂಸಾಬರು ಅಮರಪ್ಪನವರ ಜೀವದ ಗೆಳೆಯರು, ವಾದದಲ್ಲಿ ಕಡುವೈರಿ. ಕ್ವಾಣದ ಪಕ್ಷಕ್ಕೆ ಅವರೇ ದೊರೆ.

"ಖರೆ ಹೇಳ್ಲ್ಯಾ ಸಾಹೇಬ್ರ, ಛಲೋ ಹೇಳ್ಲ್ಯಾ?" ಎಂದು ಅಮರಪ್ಪನವರು ಕೇಳಿದರು.

ಇದು ಅವರ ರೂಢಿ. ಯಾರು ಏನೇ ಕೇಳಲಿ, ಉತ್ತರಕ್ಕೆ ಮುಂಚೆ ಈ ಪ್ರಶ್ನೆ: ನಿಜ ಹೇಳಲೋ, ಹಿತವಾದದ್ದು ಹೇಳಲೋ. ಹತ್ತರಲ್ಲಿ ಒಂಬತ್ತು ಜನ ಛಲೋನೇ ಹೇಳು ಮಾರಾಯ ಎನ್ನುತ್ತಿದ್ದರು. ಅವರು ಛಲೋ ಹೇಳಿ ಕಳಿಸುತ್ತಿದ್ದರು. ನಾನು ಸಿಟ್ಟಿನಲ್ಲಿದ್ದೆ. ಖರೆಯೇ ಹೇಳಿ ಎಂದೆ.

"ನಿಮ್ಮ ಕೈ ಸಣ್ಣದು, ಅಂಜಿಕಿ ದೊಡ್ಡದು. ಕ್ವಾಣ ಒದೀತೈತಿ ಅಂತ ಬೆರಳಿಂದ ಕುದುರಿ ಜಗ್ಗೋಕ್ಕಿಂತ ಮೊದಲ ಕಣ್ಣು ಮುಚ್ಚಾಕತ್ತೀರಿ. ನಮ್ಮಾಕಿನ್ನ ಹಿಡೀರಿ. ಒದಿಯಂಗಿಲ್ಲ, ಭಾರಿಲ್ಲ. ತಾಗೋ ಸಣ್ಣ ಗುಂಡು ಬೇಕೋ, ತಪ್ಪೋ ದೊಡ್ಡ ಗುಂಡು ಬೇಕೋ, ನೀವ ಹೇಳ್ರಿ."

ಖಾಸಿಂಸಾಬರು ಎಲೆಯಡಿಕೆಯ ಬಾಯಲ್ಲೇ ನಕ್ಕರು. "ಗುಬ್ಬಿ ಗುಂಡು ಸಾಬ್ ಅದು. ತಾಗತೈತಿ, ಖರೆ. ತಾಗಿಸ್ಕೊಂಡ ಮನಷ್ಯಾ ಹೊಳ್ಳಿ ನೋಡಿ, ಯಾರಪಾ ಕಲ್ಲ ಒಗದಾಂವ ಅಂತ ಕೇಳತಾನ. ಚಾರ್‌ಸೌ ಪಚ್‌ಪನ್ ಕ್ವಾಣ ತಾಗಿದ್ರ ಕೇಳಾಕ ಬಾಯಿ ಇರಂಗಿಲ್ಲ."

"ಬಾಯಿ ಉಳೀಲಿ ಅಂತನ ನಾ ಹೇಳೋದು" ಎಂದರು ಅಮರಪ್ಪನವರು. "ಪೊಲೀಸರ ಕೆಲಸ ಮಂದೀನ ನಿಂದರ್ಸೋದು. ಮುಗಸೋದಲ್ಲ."

"ನಿಂದ್ರತೈತೇನು ಮಂದಿ ನಿನ್ನ ಗುಬ್ಬಿಗೆ?"

"ನಿಂದ್ರತೈತಿ. ಕೈಯಾಗಿದ್ದಾಂವ ಗಟ್ಟಿ ಇದ್ರ ನಿಂದ್ರತೈತಿ."

ಮುಂದಿನ ಎರಡು ತಿಂಗಳು ಪ್ರತಿ ಭಾನುವಾರ ನಾನು ಲಿಂಗಸುಗೂರಿಗೆ ಹೋದೆ. ಅಮರಪ್ಪನವರು ಖಾಲಿ ಅಡತೀಸನ್ನು ನನ್ನ ಕೈಗೆ ಕೊಟ್ಟು, ಅದರ ನಳಿಗೆಯ ಮೇಲೆ ಒಂದು ಜೋಳದ ಕಾಳು ಇಡುತ್ತಿದ್ದರು. ಕಾಳು ಬೀಳದಂತೆ ಕುದುರೆ, ಅಂದರೆ ಗುಂಡು ಹಾರಿಸುವ ಕೀಲು, ಎಳೆಯಬೇಕು. ಬಿದ್ದರೆ ಆ ಕಾಳನ್ನು ನಾನೇ ಬಗ್ಗಿ ಹುಡುಕಿ ತರಬೇಕು. ಅಧಿಕಾರಿಯಾದವನು ಮಣ್ಣಿನಲ್ಲಿ ಮೊಣಕಾಲೂರಿ ಕಾಳು ಹುಡುಕುವುದನ್ನು ಪೇದೆಗಳು ಕಿಟಕಿಯಿಂದ ನೋಡುತ್ತಿದ್ದರು. ಅವಮಾನವಾಗಿ ಕಿವಿ ಕಾಯುತ್ತಿತ್ತು. ಐದನೆಯ ಭಾನುವಾರ ಕಾಳು ಇಪ್ಪತ್ತು ಸಲ ಎಳೆದರೂ ಅಲುಗದೆ ಕುಳಿತಿತು. ಆ ಕಾಳನ್ನು ಅಮರಪ್ಪನವರು ಬಾಯಿಗೆ ಹಾಕಿಕೊಂಡು ಅಗಿದರು. "ಇನ್ನ ಗುಂಡು ತುಂಬ್ರಿ" ಎಂದರು.

ಪರೀಕ್ಷೆಯಲ್ಲಿ ಹನ್ನೆರಡಕ್ಕೆ ಹತ್ತು ತಾಗಿದವು. ಜಿಲ್ಲೆಯ ದೊಡ್ಡ ಸಾಹೇಬರು ಹಲಗೆಯ ಹತ್ತಿರ ಹೋಗಿ ತೂತುಗಳ ಮೇಲೆ ಕೈಯಾಡಿಸಿ ಯಾರ ಶಿಷ್ಯ ಎಂದು ಕೇಳಿದರು. ನಾನು ಹೆಸರು ಹೇಳಿದಾಗ ಅಮರಪ್ಪನವರು ನೆಲ ನೋಡುತ್ತ ನಿಂತಿದ್ದರು. ಅವರ ಕಿವಿಗಳು ಮಾತ್ರ ಕೆಂಪಾಗಿದ್ದವು. ಇಂದಿಗೂ ಅದನ್ನು ನೆನೆದರೆ ನನ್ನ ಎದೆ ಉಬ್ಬುತ್ತದೆ, ಸುಳ್ಳೇಕೆ ಹೇಳಲಿ.

ಆ ಹಲಗೆ ನೋಡಿದ ಮೇಲೆ ದೊಡ್ಡ ಸಾಹೇಬರೂ ಅಡತೀಸ್ ಪಕ್ಷಕ್ಕೆ ಸೇರಿದರು. ನಮ್ಮ ಕಡೆಯ ಠಾಣೆಗಳಿಗೆಲ್ಲ ಅದನ್ನೇ ಕೊಡಬೇಕು, ಕಲಿಸಲು ಅಮರಪ್ಪನವರನ್ನು ರಾಯಚೂರಿಗೆ ಉಸ್ತಾದರನ್ನಾಗಿ ಕರೆಸಬೇಕು ಎಂದು ಬರೆದರು. ತೋಳಿಗೆ ಇನ್ನೊಂದು ಪಟ್ಟಿ, ಇರಲು ಮನೆ. ಮಸ್ಕಿಯ ಪೇಟೆಯಲ್ಲಿ ಜನ ಆಗಲೇ ಅವರನ್ನು ಉಸ್ತಾದ್ರೇ ಎಂದು ಕರೆಯತೊಡಗಿದ್ದರು. ಅಷ್ಟರಲ್ಲಿ ಜವಳಗೇರಾದ ಪ್ರಕರಣ ನಡೆಯಿತು.

ಆಗ ತುಂಗಭದ್ರೆಯ ಕಾಲುವೆ ಅಗೆಯುತ್ತಿದ್ದರು. ಜವಳಗೇರಾದ ದುರುಗಪ್ಪ ಎಂಬ ರೈತನ ಹೊಲದ ನಡುಮಧ್ಯ ಕಾಲುವೆಯ ಗೆರೆ ಬಿದ್ದಿತ್ತು. ಅಳತೆಗೆ ಬಂದವರನ್ನು ಅವನು ಎರಡು ಸಲ ಓಡಿಸಿದ್ದ. ಮೂರನೆಯ ಸಲ ಕಾವಲಿಗೆ ನಾನು ಹೋದೆ. ಮಧ್ಯಾಹ್ನ, ಆಗಷ್ಟೇ ಜಿಟಿಜಿಟಿ ಮಳೆ ನಿಂತಿತ್ತು. ಎರೆಮಣ್ಣು ಕಾಲು ಬಿಡದಷ್ಟು ಅಂಟಾಗಿತ್ತು. ಬದುವಿನ ಆಚೆಯಿಂದ ದುರುಗಪ್ಪ ಕೊಡಲಿ ಎತ್ತಿಕೊಂಡು ಬಂದ. ಎಲ್ಲರೂ ಓಡಿದರು. ಅಳತೆಯ ಸರಪಳಿ ಹಿಡಿದಿದ್ದ ಮನುಷ್ಯ ಮಾತ್ರ ಮಣ್ಣಿನಲ್ಲಿ ಕಾಲು ಸಿಕ್ಕಿ ಬಿದ್ದುಬಿಟ್ಟ. ನಿಲ್ಲು ಎಂದು ಮೂರು ಸಲ ಕೂಗಿದೆ. ದುರುಗಪ್ಪ ನಿಲ್ಲಲಿಲ್ಲ. ಹೆಗಲಿಗೆ ಗುರಿಯಿಟ್ಟು ಹೊಡೆದೆ. ಮತ್ತೆ ಹೊಡೆದೆ. ಎರಡನೆಯದು ತೊಡೆಗೆ ಬಿತ್ತು, ಅವನು ಉರುಳಿದ. ಕೊಡಲಿ ಬಿದ್ದದ್ದು ಸರಪಳಿಯವನ ತಲೆಯಿಂದ ಒಂದು ಗೇಣು ದೂರದಲ್ಲಿ.

ದುರುಗಪ್ಪ ಉಳಿದ. ಹೆಗಲಿನ ಗುಂಡು ಚರ್ಮದ ಕೆಳಗೇ ನಿಂತಿತ್ತು, ತೊಡೆಯದು ಮೂಳೆ ಮುರಿದಿತ್ತು. ಹದಿನೈದು ದಿನಕ್ಕೆ ಅವನ ಕಡೆಯವರ ಅರ್ಜಿ ಹೋಯಿತು. ಅಮೀನ ಮನಸ್ವೀ ಗುಂಡು ಹಾರಿಸಿದ್ದಾನೆ, ಸಾಕ್ಷಿ ಬೇಕಾದರೆ ದುರುಗಪ್ಪನ ಹೆಗಲ ಮೇಲಿದ್ದ ಕಂಬಳಿ ನೋಡಿ ಎಂದು.

ವಿಚಾರಣೆ ಲಿಂಗಸುಗೂರಿನ ಛಾವಣಿಯಲ್ಲೇ ನಡೆಯಿತು. ವಿಚಾರಣೆಗೆ ಬಂದ ಅಧಿಕಾರಿ ದೂರದ ಪ್ರಾಂತದವರು, ಕನ್ನಡ ಬಾರದು. ಖಾಸಿಂಸಾಬರು ಉರ್ದುವಿಗೆ ಹೇಳಬೇಕಾಗಿತ್ತು. ಮೇಜಿನ ಮೇಲೆ ದುರುಗಪ್ಪನ ಕರಿಕಂಬಳಿಯನ್ನು ಚಾದರದಂತೆ ಅಗಲವಾಗಿ ಹರವಿದ್ದರು. ಅದರಲ್ಲಿ ತೂತುಗಳಿದ್ದವು. ಅಧಿಕಾರಿ ಸೀಸದ ಕಡ್ಡಿಯಿಂದ ಒಂದೊಂದಾಗಿ ಮುಟ್ಟಿ ಎಣಿಸಿದರು. ಎಂಟು.

"ಎರಡೇ ಹೊಡೆದೆ ಅಂತೀರಿ. ನಿಮ್ಮ ರಿವಾಲ್ವರಿನಲ್ಲಿ ಹಿಡಿಯುವುದೇ ಆರು. ಅಂದರೆ ಖಾಲಿ ಮಾಡಿ, ಮತ್ತೆ ತುಂಬಿಕೊಂಡು ಹೊಡೆದಿದ್ದೀರಿ."

ಎರಡೇ ಹೊಡೆದದ್ದು ದೇವರಾಣೆಗೂ ಸತ್ಯ. ಆದರೆ ಆ ಎಂಟು ತೂತು ಎಲ್ಲಿಂದ ಬಂದವೆಂದು ಪೇಟೆಯಲ್ಲಿ ಬೆಳೆದ ನನಗೆ ತಿಳಿಯಲಿಲ್ಲ. ನೌಕರಿ ಹೋಗುವುದು ಒಂದು ಕಡೆ, ಜೈಲಿನ ಬಾಗಿಲು ಇನ್ನೊಂದು ಕಡೆ ಕಾಣುತ್ತಿತ್ತು.

ಆಯುಧದ ಬಗ್ಗೆ ಹೇಳಲು ಅಮರಪ್ಪನವರನ್ನು ಕರೆದರು. ಅವರು ಬಂದವರೇ ಕಂಬಳಿ ನೋಡಿ ಹುಬ್ಬು ಗಂಟಿಕ್ಕಿದರು. "ಇದನ್ನ ಹಿಂಗ ಬಿಚ್ಚಿ ಹಾಸಿದಾಂವ ಯಾರು?" ಎಂದರು. ರಕ್ತ ತೊಳೆದು ಒಣಗಲು ಹಾಕಿದ್ದೆವು ಎಂದು ಪೇದೆಯೊಬ್ಬ ಹೇಳಿದ. ಅಮರಪ್ಪನವರು ಕಂಬಳಿ ಎತ್ತಿ ಕೊಡವಿದರು. ನಡುವಿಗೆ ಮಡಿಚಿದರು. ಮತ್ತೆ ಮಡಿಚಿದರು. ಮೂರನೆಯ ಸಲ ಮಡಿಚಿ, ನಮ್ಮ ಸೀಮೆಯ ಪ್ರತಿಯೊಬ್ಬ ರೈತನೂ ಮಳೆ ನಿಂತೊಡನೆ ಮಾಡುವಂತೆ ತಮ್ಮ ಹೆಗಲ ಮೇಲೆ ಹಾಕಿಕೊಂಡರು. ಆಮೇಲೆ ಮೇಜಿನ ಮೇಲಿದ್ದ ಸೀಸದ ಕಡ್ಡಿ ಕೇಳಿ ತೆಗೆದುಕೊಂಡು ಹೆಗಲ ಹತ್ತಿರ ಚುಚ್ಚಿದರು. ಕಡ್ಡಿ ಎಂಟೂ ಪದರ ದಾಟಿ ಅವರ ಅಂಗಿಗೆ ತಾಗಿತು.

"ತೂತು ಎಂಟರಿ. ಗುಂಡು ಒಂದ" ಎಂದರು.

ಖಾಸಿಂಸಾಬರು ಅದನ್ನು ಉರ್ದುವಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಅಧಿಕಾರಿ ತಾವೇ ಎದ್ದು ಬಂದು ಕಡ್ಡಿಯನ್ನು ಎಳೆದು ಮತ್ತೆ ಚುಚ್ಚಿ ನೋಡಿದರು. ನನಗೆ ಕುಣಿಯುವಂತಾಯಿತು.

ಆದರೆ ಅವರು ಬುದ್ಧಿವಂತರು. ಕುರ್ಚಿಗೆ ಮರಳಿ ಇನ್ನೊಂದು ಪ್ರಶ್ನೆ ತೆಗೆದರು. "ಸರಿ. ಮೊದಲನೆಯದು ಹೆಗಲಿಗೆ ತಾಗಿತು. ಗುಂಡು ತಾಗಿದ ಮನುಷ್ಯ ನಿಲ್ಲುತ್ತಾನೆ. ನಿಂತವನಿಗೆ ಎರಡನೆಯದು ಯಾಕೆ? ಅಡತೀಸ್ ಒಂದೇ ಗುಂಡಿಗೆ ಮನುಷ್ಯನನ್ನು ನಿಲ್ಲಿಸುತ್ತದೆ ಅಂತ ಈ ಜಿಲ್ಲೆಗೆಲ್ಲ ಹೇಳಿಕೊಂಡು ಬಂದವರು ನೀವೇ ಅಲ್ಲವೇ?"

ಅಮರಪ್ಪನವರು ಹೆಗಲಿನ ಕಂಬಳಿ ಇಳಿಸಿ ಮೇಜಿನ ಮೇಲಿಟ್ಟರು. ಹೌದು ಎಂದರೆ ನಾನು ಹೋದೆ. ಅಲ್ಲ ಎಂದರೆ ಅವರ ಹತ್ತು ವರ್ಷದ ವಾದ ಹೋಯಿತು, ರಾಯಚೂರಿನ ಉಸ್ತಾದಿಕೆಯೂ ಹೋಯಿತು. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಖರೆ ಹೇಳ್ಲ್ಯಾ ಸಾಹೇಬ್ರ, ಛಲೋ ಹೇಳ್ಲ್ಯಾ?"

ಖಾಸಿಂಸಾಬರು ಅನುವಾದಿಸಿದರು. ಅಧಿಕಾರಿಗೆ ಅರ್ಥವಾಗಲಿಲ್ಲ. ಸಚ್ ಬೋಲೋ ಎಂದರು.

"ಹಂಗಾರ ಹೊರಗ ಬರ್ರಿ."

ಛಾವಣಿಯ ಹಿಂದಿನ ಬಯಲಲ್ಲಿ ಅವರು ಎರಡು ಬೇವಿನ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿದರು. ಕಂಬಳಿಯನ್ನು ನೀರಲ್ಲಿ ಅದ್ದಿ ಎಂಟು ಪದರ ಮಡಿಚಿ ಒಂದು ಹಲಗೆಯ ಮುಂದೆ ತೂಗುಬಿಟ್ಟರು. ಅಡತೀಸನ್ನು ಅಧಿಕಾರಿಯ ಕೈಗೇ ಕೊಟ್ಟರು. ಬರಿಯ ಹಲಗೆಗೆ ಹೊಡೆದಾಗ ಗುಂಡು ಆಚೆ ಹೋಯಿತು. ಕಂಬಳಿಯ ಹಿಂದಿನ ಹಲಗೆಗೆ ಹೊಡೆದಾಗ ಗುಂಡು ಮೊಳೆಯ ತಲೆಯಂತೆ ಹೊರಗೆ ಕಾಣುವಷ್ಟೇ ಚುಚ್ಚಿ ನಿಂತಿತ್ತು. ಹಲಗೆ ಅಲುಗಿತು, ಬೀಳಲಿಲ್ಲ. ಆಮೇಲೆ ಅಮರಪ್ಪನವರು ತಾವಾಗಿಯೇ ಖಾಸಿಂಸಾಬರ ಸೊಂಟದಿಂದ ಕ್ವಾಣವನ್ನು ಬಿಚ್ಚಿಸಿಕೊಂಡು ಅದನ್ನೂ ಕೊಟ್ಟರು. ಅದೇ ಕಂಬಳಿ, ಅದೇ ದೂರ. ಹಲಗೆ ಮಗುಚಿ ಬಿತ್ತು. ಅಧಿಕಾರಿ ಮಣಿಕಟ್ಟು ನೀವಿಕೊಂಡರು.

"ಇದು ನಮ್ಮಾಕಿ ದೋಷರಿ" ಎಂದರು ಅಮರಪ್ಪನವರು. "ತಾಗತಾಳ, ಎಲ್ಲಾ ಹೊತ್ತಿನ್ಯಾಗೂ ನಿಂದರ್ಸಂಗಿಲ್ಲ. ಹಸಿ ಕಂಬಳಿ ಮುಂದ ಸೋತಾಳ. ಒಂದ ಗುಂಡಿಗೆ ಆ ಮನಷ್ಯಾ ನಿಂತಾನ ಅಂತ ಯಾರೂ ಹೇಳಾಕ ಬರಂಗಿಲ್ಲ. ನಾನೂ ಇಷ್ಟ ವರ್ಷ ತಪ್ಪು ಹೇಳೀನಿ. ಬರಕೋರಿ."

ಖಾಸಿಂಸಾಬರು ಅದನ್ನು ಉರ್ದುವಿಗೆ ಹೇಳುವಾಗ ದನಿ ತಗ್ಗಿಸಿದರು. ಜೀವಮಾನವೆಲ್ಲ ಕೇಳಬೇಕೆಂದು ಕಾದಿದ್ದ ಮಾತು ಈಗ ತಮ್ಮದೇ ಬಾಯಿಂದ ಬರಬೇಕಾಗಿತ್ತು. ಗೆದ್ದ ಮುಖ ಅದಾಗಿರಲಿಲ್ಲ. ಹೇಳಿ ಮುಗಿಸಿ, ಯಾರೂ ಕೇಳದಿದ್ದರೂ ತಮ್ಮದೊಂದು ಮಾತು ಸೇರಿಸಿದರು: ತೊಡೆಗೆ ಬಿದ್ದದ್ದು ಚಾರ್‌ಸೌ ಪಚ್‌ಪನ್ ಆಗಿದ್ದರೆ ಆ ಮನುಷ್ಯ ಉಳಿಯುತ್ತಿದ್ದನೋ ಇಲ್ಲವೋ, ಅದನ್ನೂ ಬರೆದುಕೊಳ್ಳಿ, ಹುಜೂರ್. ಆಮೇಲೆ ಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚಿ ಅಮರಪ್ಪನವರ ಕೈಗಿಟ್ಟರು.

ನಾನು ಉಳಿದೆ. ರಾಯಚೂರಿಗೆ ಬೇರೆ ಯಾರನ್ನೋ ಉಸ್ತಾದರನ್ನಾಗಿ ಕರೆಸಿದರು. ಮಸ್ಕಿ ಪೇಟೆಯಲ್ಲಿ ಉಸ್ತಾದ್ರೇ ಎಂದವರೇ ಈಗ ಕಂಬಳಿ ಅಮರಪ್ಪ ಎಂದು ಕಿಚಾಯಿಸಿದರು. ಅವರು ಎದೆ ಸೆಟೆಸಿಯೇ ನಡೆದರು. "ಹೌದಪಾ, ನಮ್ಮಾಕಿ ಕಂಬಳಿಗೆ ಸೋತಾಳ. ಕಂಬಳಿ ನೇಯ್ದಾಂವಗ ಇನಾಮು ಕೊಡ್ರಿ" ಎನ್ನುತ್ತಿದ್ದರು. ಅಂಥ ಮನುಷ್ಯರ ಶಿಷ್ಯ ನಾನು ಎಂದು ನನಗಾದ ಹೆಮ್ಮೆ ಹತ್ತು ಗುಂಡು ತಾಗಿದ ದಿನದ ಹೆಮ್ಮೆಗಿಂತ ದೊಡ್ಡದು.

ಆದರೆ ನನ್ನೊಳಗೆ ಒಂದು ಮುಳ್ಳು ಉಳಿದಿತ್ತು. ಒಂದು ದಿನ ಮಸ್ಕಿಯ ಅವರ ಮನೆಯಲ್ಲಿ ಅದನ್ನು ಹೇಳಿಬಿಟ್ಟೆ. ಮೊದಲ ಗುಂಡು ಹೊಡೆದ ಕೂಡಲೇ ನಾನು ಕಣ್ಣು ಮುಚ್ಚಿದ್ದೆ. ಹಳೆಯ ಅಂಜಿಕೆ. ಎರಡನೆಯದನ್ನು ಕಣ್ಣು ಮುಚ್ಚಿಕೊಂಡೇ ಹೊಡೆದೆ. ಅವನು ಬರುತ್ತಲೇ ಇದ್ದ ಎಂದು ವಿಚಾರಣೆಯಲ್ಲಿ ಹೇಳಿದೆ; ಅದನ್ನು ನಾನು ನೋಡಿರಲಿಲ್ಲ. ನೀವು ನಿಮ್ಮ ಮಾತನ್ನೇ ಬಲಿಕೊಟ್ಟು ಉಳಿಸಿದ್ದು ನಿಂತವನಿಗೆ ಹೊಡೆದವನನ್ನೋ ಏನೋ, ನನಗೇ ತಿಳಿಯದು ಎಂದೆ.

ಅಮರಪ್ಪನವರು ಈ ಸಲ ಖರೆಯೋ ಛಲೋವೋ ಎಂದು ಕೇಳಲಿಲ್ಲ. "ಗುಂಡು ಏನ ಮಾಡತೈತಿ ಅನ್ನೋದು ನನಗ ಗೊತ್ತರಿ. ಅವ ನಿಂತಿದ್ನೋ ಇಲ್ಲೋ, ಅದನ್ನ ಬಲ್ಲಾಂವ ಒಬ್ಬನ ಅದಾನ" ಎಂದರು.

ಹೈದರಾಬಾದಿನವರಾಗಿದ್ದ ನಾವು ಮೈಸೂರಿನವರಾದ ವರ್ಷ ಅಮರಪ್ಪನವರು ನೌಕರಿಯಿಂದ ನಿವೃತ್ತರಾದರು. ಅದರ ಮರುದಿನವೇ ಸಿಂಧನೂರು ಠಾಣೆಗೆ ಬಂದರು, ಬಗಲಲ್ಲಿ ಒಂದು ಗಂಟು. "ಒಬ್ಬರ ಸಾಮಾನು ಕೊಡೋದೈತಿ. ನಡೀರಿ" ಎಂದರು. ನಾನು ಅವರೊಡನೆ ಕಳೆದ ಕೊನೆಯ ದಿನ ಅದು. ಮುಂದಿನ ಬೇಸಿಗೆಯಲ್ಲಿ, ನಾನು ಬೀದರಿನ ಕಡೆ ವರ್ಗವಾಗಿದ್ದಾಗ, ಅವರು ಹೋದ ಸುದ್ದಿ ಖಾಸಿಂಸಾಬರ ಕಾಗದದಲ್ಲಿ ಬಂದಿತು. ಮಣ್ಣಿಗೂ ಹೋಗಲಾಗಲಿಲ್ಲ.

ಜವಳಗೇರಾದಲ್ಲಿ ಬಸ್ಸಿಳಿದು ಕಾಲುವೆಯ ಏರಿಯ ಮೇಲೆ ನಡೆದೆವು. ನೀರು ತುಂಬಿ ಹರಿಯುತ್ತಿತ್ತು. ಕೊಡಲಿ ಎತ್ತಿದ ತಪ್ಪಿಗೆ ಬಿದ್ದ ಸಜೆ ಮುಗಿಸಿ ಬಂದಿದ್ದ ದುರುಗಪ್ಪ ಉಳಿದ ಹೊಲದಲ್ಲಿ ಭತ್ತ ಹಾಕಿದ್ದ. ನಮ್ಮನ್ನು ಕಂಡು ಕುಂಟುತ್ತ ಬದುವಿಗೆ ಬಂದ. ಅಮರಪ್ಪನವರು ಗಂಟು ಬಿಚ್ಚಿ ಕಂಬಳಿ ಕೊಟ್ಟರು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಮನೆಗೆ ಬಂದವರಿಗೆ ಮಾಡುವಂತೆ ಬದುವಿನ ಮೇಲೆ ಹಾಸಿದ.

"ಕೂಡ್ರಿ" ಎಂದ.

ನನ್ನ ಕಾಲು ಮಡಚಲಿಲ್ಲ. ಅಮರಪ್ಪನವರು ಕುಳಿತರು, ನನ್ನ ಕೈ ಹಿಡಿದು ಕೂರಿಸಿದರು. ಆಮೇಲೆ ನೇರವಾಗಿ ಕೇಳಿದರು. "ದುರುಗಪ್ಪ, ಈ ಸಾಹೇಬ್ರಿಗೆ ನಾಕ ವರ್ಷದಿಂದ ನಿದ್ದಿ ಇಲ್ಲ. ಮೊದಲನೇದು ತಾಗಿದ ಮ್ಯಾಲ ನೀ ನಿಂತಿದ್ದೇನು? ಛಲೋ ಹೇಳಬ್ಯಾಡ. ಖರೆ ಹೇಳು."

ದುರುಗಪ್ಪ ನನ್ನನ್ನು ನೋಡಿದ. ಕಾಲುವೆಯನ್ನು ನೋಡಿದ.

"ಇಲ್ಲರಿ. ಯಾರೋ ಕಲ್ಲು ಒಗದಂಗಾತು. ನಾ ಬರಾಕತ್ತಿದ್ದೆ. ಆ ಸರಪಳಿಯಾಂವನ್ನ ಕಡದ ಬಿಡ್ತಿದ್ದೆ" ಎಂದ. ತೊಡೆ ಒತ್ತಿಕೊಂಡು, "ಹಂಗಂತ ನೀವು ಛಲೋ ಮಾಡಿದ್ರಿ ಅನ್ನಂಗಿಲ್ಲ. ಕಾಲು ಇವತ್ತಿಗೂ ನೋಯತೈತಿ" ಎಂದ.

ನಾನು ಅತ್ತುಬಿಟ್ಟೆ. ಸೊಂಟಕ್ಕೆ ಅಡತೀಸ್ ಕಟ್ಟಿದ ಅಮೀನ, ರೈತನೊಬ್ಬನ ಹೊಲದಲ್ಲಿ ಕುಳಿತು ಅತ್ತೆ. ದುರುಗಪ್ಪ ಬೇರೆ ಕಡೆ ಮುಖ ಮಾಡಿ ನಿಂತ. ಅಮರಪ್ಪನವರು ನನ್ನನ್ನು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲೇ ಕಂಬಳಿಯ ತೂತೊಂದು ಅವರ ಕೈಗೆ ಸಿಕ್ಕಿತ್ತು. ಕಣ್ಣು ಮುಚ್ಚಿ ಅದಕ್ಕೆ ಕಿರುಬೆರಳಿನ ತುದಿ ಇಟ್ಟರು. ಉಗುರು ಹೊರಗೇ ನಿಂತಿತು.

"ನಮ್ಮಾಕಿ" ಎಂದರು.